ಬೋಟಿನ ಪೇಂಟು, ಮೊಟ್ಟೆ ಇಡಲಾಗದ ಶಂಖದ ಹುಳು

ಸಂಪಾದಕರೇ,

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳ ರಿಪೇರಿ, ಪೇಂಟಿಂಗ್ ಎಲ್ಲ ಆಗ. ನನ್ನ ಅಪ್ಪ ಬೋಟಿಗೆ ಪೇಂಟ್ ಹೊಡೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ದಕ್ಕೆಗೆ ಓಡುತ್ತಿದ್ದೆ. ಬೋಟಿನ ಅಡಿಗೆ ಕಚ್ಚಿಕೊಂಡ ಚಿಪ್ಪು ಕೆರೆದು ತೆಗೆಯುವುದು ನನ್ನ ಕೆಲಸ. ಆಮೇಲೆ ಅಪ್ಪ ಕೆಂಪು ಪೇಂಟ್ ಬಳಿಯುತ್ತಿದ್ದರು. "ಇದನ್ನು ಹೊಡೆದ್ರೆ ಒಂದು ಚಿಪ್ಪೂ ಹತ್ತಿರ ಬರಲ್ಲ" ಎನ್ನುತ್ತಿದ್ದರು. ಡಬ್ಬಿಯಲ್ಲಿ ಏನಿದೆ ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅಂಥ ಪೇಂಟುಗಳಿಗೆ ಜಗತ್ತಿನಲ್ಲೆಲ್ಲ ಟಿಬಿಟಿ ಬೆರೆಸುತ್ತಿದ್ದ ಕಾಲವೊಂದಿತ್ತು. ಅದು ತವರದಿಂದ ಮಾಡಿದ ವಿಷ. ಇಂಗ್ಲೆಂಡಿನ ಪ್ಲಿಮತ್ ಕಡಲಂಚಿನ ಬಂಡೆಗಳ ಮೇಲೆ ಡಾಗ್‌ವೆಲ್ಕ್ ಎಂಬ ಸಣ್ಣ ಶಂಖದ ಹುಳು ಇದೆ. ಆ ವಿಷದಿಂದ ಹೆಣ್ಣು ಹುಳುಗಳಿಗೆ ಗಂಡಿನ ಅಂಗ ಬೆಳೆಯಿತು. ಅದು ಬೆಳೆದು ಮೊಟ್ಟೆ ಬರುವ ದಾರಿಯನ್ನೇ ಮುಚ್ಚಿತು. ಮೊಟ್ಟೆಗಳು ಒಳಗೇ ತುಂಬಿಕೊಂಡು, ಒಡೆದು, ಹೆಣ್ಣು ಸಾಯುತ್ತಿತ್ತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಇಷ್ಟಕ್ಕೆಲ್ಲ ಎಷ್ಟು ವಿಷ ಬೇಕು ಅಂದುಕೊಂಡಿರಿ? ನೂರು ಕೋಟಿ ಲೀಟರ್ ನೀರಿಗೆ ಸುಮಾರು ಒಂದು ಗ್ರಾಂ ಟಿಬಿಟಿ ರೂಪದ ತವರ ಸಿಕ್ಕಿದರೂ ಸಾಕು, ಹೆಣ್ಣು ಹುಳು ಬದಲಾಗತೊಡಗುತ್ತದೆ.

ಫ್ರಾನ್ಸ್ 1982ರಲ್ಲಿ, ಬ್ರಿಟನ್ 1987ರಲ್ಲಿ ಸಣ್ಣ ಬೋಟುಗಳಿಗೆ ಈ ಪೇಂಟ್ ನಿಲ್ಲಿಸಿದವು. ನಿಧಾನವಾಗಿಯಾದರೂ ಹುಳುಗಳು ಬಂಡೆಗಳಿಗೆ ವಾಪಸ್ ಬಂದವು. 2008ರಿಂದ ಒಂದು ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಹಡಗುಗಳಿಗೂ ನಿಷೇಧ ಬಂತು. ಆದರೆ ಪೇಂಟಿನ ಬಗ್ಗೆ ಕಾಗದಪತ್ರ ಇಟ್ಟುಕೊಳ್ಳಬೇಕು ಎಂಬ ಆ ಒಪ್ಪಂದದ ನಿಯಮ 24 ಮೀಟರ್ ಮತ್ತು ಅದಕ್ಕಿಂತ ಉದ್ದದ ಹಡಗಿಗೆ ಮಾತ್ರ. ನಮ್ಮ ಬೋಟುಗಳು ಹೆಚ್ಚಿನವು ಅದಕ್ಕಿಂತ ಚಿಕ್ಕವು. ಡಬ್ಬಿಯಲ್ಲಿ ಏನಿದೆ ಅಂತ ಇವತ್ತಿಗೂ ದಕ್ಕೆಯಲ್ಲಿ ಯಾರು ಕೇಳುತ್ತಾರೆ?

ಇದು ಬರೀ ಹೊರದೇಶದ ಕಥೆ ಅಲ್ಲ. ಪಕ್ಕದ ಗೋವಾದಲ್ಲಿ, ಕೊಂಕಣದ ಹೆಸರನ್ನೇ ಹೊತ್ತ ಕ್ರೋನಿಯಾ ಕೊಂಕಣೆನ್ಸಿಸ್ ಎಂಬ ಶಂಖದ ಹುಳುವಿನಲ್ಲಿ ಇದೇ ಬದಲಾವಣೆ ಕಂಡಿತ್ತು. ಅಲ್ಲಿನ ವಿಜ್ಞಾನಿಗಳು ಅದನ್ನು 1999ರಲ್ಲೇ ಬರೆದಿದ್ದಾರೆ.

ನಮ್ಮ ಬಂದರುಗಳಲ್ಲಿ ಇದನ್ನು ನೋಡಲು ಕೋಟಿಗಟ್ಟಲೆ ಹಣ ಬೇಡ. ಬಂಡೆಯಿಂದ ಒಂದಷ್ಟು ಹುಳು ಆರಿಸಿ, ಚಿಪ್ಪು ಬಿಡಿಸಿ, ಸೂಕ್ಷ್ಮದರ್ಶಕದಡಿ ನೋಡಿದರೆ ತಿಳಿಯುತ್ತದೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಮಕ್ಕಳು ಪ್ರತಿ ವರ್ಷ ಇದನ್ನು ಮಾಡಬಹುದು. ಇನ್ನೊಂದು ಮಾತು. ಟಿಬಿಟಿ ನೀರಿನಲ್ಲಿ ಬೇಗ ಒಡೆದು ನಾಶವಾದರೂ ತಳದ ಕೆಸರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಳಿವೆ, ಬಂದರುಗಳ ಹೂಳು ಎತ್ತಿ ಎಂದು ನಾವೆಲ್ಲ ಕೇಳುತ್ತಲೇ ಇದ್ದೇವೆ. ಎತ್ತಲೇಬೇಕು. ಆದರೆ ಎತ್ತುವ ಮೊದಲು ಆ ಕೆಸರನ್ನು ಪರೀಕ್ಷೆ ಮಾಡಿಸಿ. ಸುಮ್ನೆ ತೆಗೆದು ಕಡಲಿಗೇ ಸುರಿದರೆ ಮಲಗಿದ್ದ ವಿಷವನ್ನು ಎಬ್ಬಿಸಿದ ಹಾಗೆ, ಅಲ್ವಾ?

ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ನೀರಿಗಿಳಿಯುತ್ತವೆ. ಅಷ್ಟರೊಳಗೆ ಮೀನುಗಾರಿಕೆ ಇಲಾಖೆಯವರು ಅಂಗಡಿಗಳಲ್ಲಿ ಮಾರುವ ಪೇಂಟಿನ ಮಾದರಿ ತೆಗೆದುಕೊಂಡು ಪರೀಕ್ಷಿಸಲಿ. ಫಲಿತಾಂಶವನ್ನು ದಕ್ಕೆಯ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಲಿ.

— ಬೋಟು ಪೇಂಟರ್ ಒಬ್ಬರ ಮಗ, ಮಲ್ಪೆ