ಮುಚ್ಚಿದ ನಿಲ್ದಾಣಕ್ಕೊಂದು ಫಲಕ ಬೇಕು

ಮಾನ್ಯರೇ,

ಮಂಡ್ಯದ ಬಳಿ ನಮ್ಮೂರಿನ ಪುಟ್ಟ ರೈಲು ನಿಲ್ದಾಣ ಮುಚ್ಚಿ ಎಷ್ಟೋ ವರ್ಷವಾಯಿತು. ಬಸ್ಸು ಜಾಸ್ತಿಯಾದವು, ರೈಲಿಗೆ ಜನ ಕಮ್ಮಿಯಾದರು. ಆದರೆ ಈ ಹಳಿಯ ಕಥೆ ಸಣ್ಣದಲ್ಲ. 1876–78ರ ಭೀಕರ ಬರದಲ್ಲಿ ಹಸಿದವರಿಗೆ ಕೂಲಿ ಸಿಗಲೆಂದು ಬೆಂಗಳೂರು–ಮೈಸೂರು ಮಾರ್ಗದಲ್ಲಿ ಕೆಲಸ ಕೊಟ್ಟರು. 1882ರಲ್ಲಿ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರ) ರೈಲು ಮೈಸೂರು ಮುಟ್ಟಿತು.

ನಾನು ಕಂಡಿದ್ದು ರಟ್ಟಿನ ಟಿಕೆಟ್ ಕಾಲ. ಸ್ಟೇಷನ್ ಮಾಸ್ಟರು ದೊಡ್ಡ ಬಳೆಗೆ ಟೋಕನ್, ಅಂದರೆ ಮುಂದಿನ ನಿಲ್ದಾಣದವರೆಗೆ ಹೋಗಲು ಅನುಮತಿಯ ಗುರುತು, ಸಿಕ್ಕಿಸಿ ಡ್ರೈವರ್ ಕೈಗೆ ಕೊಡುತ್ತಿದ್ದರು. ಅದಿಲ್ಲದೆ ರೈಲು ಹೊರಡುವಂತಿರಲಿಲ್ಲ. ಇದ್ದದ್ದು ಒಂದೇ ಹಳಿ, ಎದುರಿನಿಂದ ಇನ್ನೊಂದು ಬಂದರೆ ಗತಿ ಏನು, ಅಲ್ವಾ? ನಾವು ಹುಡುಗರು ಆ ಬಳೆ ನೋಡಲೆಂದೇ ಸುಮ್ನೆ ಹೋಗಿ ನಿಲ್ಲುತ್ತಿದ್ದೆವು.

ಮಹಾರಾಣಿಯವರ ಐಷಾರಾಮಿ ಸಲೂನ್ ಬೋಗಿ ನೋಡಲು ಮೈಸೂರಿನಲ್ಲಿ 1979ರಿಂದ ರೈಲು ಮ್ಯೂಸಿಯಂ ಇದೆ. ಬರದಲ್ಲಿ ಈ ಹಳಿಗಾಗಿ ಮಣ್ಣು ಹೊತ್ತವರ ನೆನಪಿಗೆ ಇಲ್ಲೊಂದು ಫಲಕವಾದರೂ ಹಾಕಲಿ.

– ಒಬ್ಬ ಓದುಗ, ಮಂಡ್ಯ