ಶುಕ್ರವಾರದ ಮೇಜಿಗೆ ಹೋಗಿ ಕುಳಿತುಕೋ

ಶಿರ್ವ
12 ಸೆಪ್ಟೆಂಬರ್ 2025, ಶುಕ್ರವಾರ

ಪ್ರೀತಿಯ ಮಗಳೇ,

ನಿನ್ನ ಧ್ವನಿ ಸಂದೇಶವನ್ನು ಮೂರು ಸಲ ಕೇಳಿದೆ. ಮಾತಿಗಿಂತ ನಿಟ್ಟುಸಿರೇ ಹೆಚ್ಚಿತ್ತು. ಕೆಲಸದ ಮನೆಯ ಅಜ್ಜನನ್ನು ಎತ್ತಿ ಕೂರಿಸಿ ಸೊಂಟ ಸೋತಿದೆ, ರಾತ್ರಿ ನಾಲ್ಕು ಬಾರಿ ಏಳಬೇಕು, ಅದರ ಮೇಲೆ ಶುಕ್ರವಾರ ಬಂತೆಂದರೆ ಆ ಯಹೂದಿ ಮನೆಯ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಮೇಜು ಬಡಿದು ಹಾಡುತ್ತಾರೆ ಎಂದೆ. "ಇವರಿಗೆ ಇಷ್ಟು ಉಮೇದು ಎಲ್ಲಿಂದ ಬರುತ್ತದೆ ದೊಡ್ಡಮ್ಮ? ಕರೆದರೂ ನಾನು ಹೋಗುವುದಿಲ್ಲ, ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತೇನೆ" ಎಂದೆ. ಫೋನಿನಲ್ಲಿ ಉತ್ತರಿಸಿದರೆ ಅರ್ಧ ಕೇಳಿ ಬಿಡುತ್ತೀ. ಅದಕ್ಕೇ ಕಾಗದದಲ್ಲಿ ಬರೆದು, ರಜೆ ಮುಗಿಸಿ ಹೊರಟಿರುವ ಪಕ್ಕದ ಮನೆಯ ಹುಡುಗನ ಕೈಗೆ ಕೊಡುತ್ತಿದ್ದೇನೆ.

ಮೊದಲು ಸೊಂಟದ ಮಾತು. ರೋಗಿಯನ್ನು ಎತ್ತುವ ಯಂತ್ರ ಬೇಕೆಂದು ಅಜ್ಜನ ಮಗಳಿಗೆ ನೇರವಾಗಿ ಹೇಳು. ವಾರದ ರಜೆಯನ್ನು ಯಾವ ಹಬ್ಬದ ನೆಪಕ್ಕೂ ಬಿಟ್ಟುಕೊಡಬೇಡ. ಮುಂದೆ ನಾನು ಸಂತೋಷದ ಬಗ್ಗೆ ಬರೆಯುವುದೆಲ್ಲ ನಿದ್ದೆ ಮಾಡುವವರಿಗೆ ಮಾತ್ರ.

ನೀನೀಗ ಇರುವ ಅದೇ ಜೆರುಸಲೇಮಿನಲ್ಲಿ ಒಂಬತ್ತು ವರ್ಷ ನಾನು ಸಾವ್ತಾ ಅವರನ್ನು ನೋಡಿಕೊಂಡೆ. ಅಜ್ಜಿಗೆ ಅಲ್ಲಿ ಸಾವ್ತಾ ಎನ್ನುತ್ತಾರೆಂದು ನಿನಗೀಗ ಗೊತ್ತು. ಹಂಗೇರಿಯವರು. 1944ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಮನೆಯವರೆಲ್ಲರ ಜೊತೆ ನಾಜಿ ಶಿಬಿರದ ರೈಲಿಗೆ ತುಂಬಿಸಲ್ಪಟ್ಟು, ಒಬ್ಬರೇ ಬದುಕಿ ಉಳಿದವರು. ಮೊದಲ ವರ್ಷ ನಾನೂ ನಿನ್ನ ಹಾಗೆಯೇ ಯೋಚಿಸುತ್ತಿದ್ದೆ: ಪಿಂಚಣಿ ಇದೆ, ಮಕ್ಕಳಿದ್ದಾರೆ, ಹಾಡದೆ ಏನು ಮಾಡುತ್ತಾರೆ!

ಆಮೇಲೆ ಅವರ ಹಿರಿಯ ಮಗ ತೀರಿಕೊಂಡ. ಶಿವಾ ಎಂಬ ಏಳು ದಿನದ ಶೋಕ, ಕುಳ್ಳ ಕುರ್ಚಿಯ ಮೇಲೆ ಸಾವ್ತಾ. ನಡುವೆ ಶುಕ್ರವಾರ ಬಂತು. ಮಧ್ಯಾಹ್ನ ಅವರು ಎದ್ದು ಸ್ನಾನಕ್ಕೆ ನೀರು ಬಿಡು ಎಂದರು, ಬಿಳಿ ಮೇಜುಬಟ್ಟೆ ಹಾಸು ಎಂದರು. ಗುಂಡಿಯ ಮಣ್ಣು ಇನ್ನೂ ಆರಿಲ್ಲವಲ್ಲ ಎಂದು ನನಗೆ ಸಂಕಟ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿಯ ದಿನವಾದ ಶಬ್ಬಾತಿನಲ್ಲಿ ಎಲ್ಲರೆದುರು ಶೋಕ ಆಚರಿಸುವಂತಿಲ್ಲ ಎಂಬುದು ಅವರ ನಿಯಮ. "ದುಃಖ ಎಲ್ಲಿಗೂ ಓಡಿಹೋಗುವುದಿಲ್ಲ, ನಾಳೆ ರಾತ್ರಿ ಬಾಗಿಲಲ್ಲೇ ಕಾದಿರುತ್ತದೆ" ಎಂದು ದೀಪ ಹಚ್ಚಿದರು. ಹಾಡುವಾಗ ದನಿ ಬರಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಎರಡು ಹಲ್ಲಾ ರೊಟ್ಟಿ, ದ್ರಾಕ್ಷಾರಸ, ಮೀನು, ಏನೂ ತಪ್ಪಲಿಲ್ಲ. ಶನಿವಾರ ನಕ್ಷತ್ರ ಕಂಡ ಮೇಲೆ ಮತ್ತೆ ಕುಳ್ಳ ಕುರ್ಚಿ. ಆದರೆ ಕುಳಿತ ಹೆಂಗಸು ಬೇರೆಯೇ ಆಗಿದ್ದರು, ಬೆನ್ನು ನೆಟ್ಟಗಿತ್ತು. ಆ ವಾರ ನನಗೆ ಗೊತ್ತಾಯಿತು, ಇವರ ಸಂತೋಷ ಮನಸ್ಸಿಗೆ ಬಂದಾಗ ಬರುವುದಲ್ಲ, ಗಡಿಯಾರಕ್ಕೆ ಬರುವುದು ಎಂದು. ಆ ಊರಿನಲ್ಲಿ ಸೂರ್ಯಾಸ್ತಕ್ಕೆ 40 ನಿಮಿಷ ಮುಂಚೆಯೇ ದೀಪ ಹಚ್ಚುತ್ತಾರೆ, ಬೇರೆ ಕಡೆ ಸಾಮಾನ್ಯವಾಗಿ 18 ನಿಮಿಷ. ಶಬ್ಬಾತ್ ಬಂತೆಂದು ಸಾರುವ ಸೈರನ್ ಕೂಗುವಾಗ ನಿನ್ನ ಮನಸ್ಸು ಸಿದ್ಧವಾಗಿದೆಯೇ ಎಂದು ಕೇಳಿ ಕೂಗುವುದಿಲ್ಲ.

ನಮ್ಮ ಬೈಬಲಿನಲ್ಲೂ ಇದಿದೆ, ನಾನೇ ಗಮನಿಸಿರಲಿಲ್ಲ. ನೆಹೆಮೀಯನ ಎಂಟನೆಯ ಅಧ್ಯಾಯ ತೆಗೆದು ನೋಡು. ಬಾಬಿಲೋನಿನಿಂದ ಮರಳಿದ ಜನ ಏಳನೆಯ ತಿಂಗಳ ಮೊದಲ ದಿನ ನೀರಿನ ಬಾಗಿಲ ಬಳಿ ಸೇರುತ್ತಾರೆ. ಎಜ್ರ ಬೆಳಗಿನಿಂದ ನಡುಹಗಲಿನವರೆಗೆ ಧರ್ಮಶಾಸ್ತ್ರ ಓದುತ್ತಾನೆ, ಕೇಳಿದವರೆಲ್ಲ ಅಳುತ್ತಾರೆ. ಆಗ ಬರುವ ಮಾತು: ಇವತ್ತು ಅಳಬೇಡಿ, ಹೋಗಿ ಕೊಬ್ಬಿದ್ದನ್ನು ತಿನ್ನಿ, ಸಿಹಿ ಕುಡಿಯಿರಿ, ಏನೂ ಇಲ್ಲದವರಿಗೆ ಪಾಲು ಕಳುಹಿಸಿ, ದೇವರ ಆನಂದವೇ ನಿಮ್ಮ ಬಲ. ಅಂದರೆ ಬಲ ಬಂದ ಮೇಲೆ ಆನಂದಿಸಿ ಎಂದಲ್ಲ. ಮೊದಲು ಊಟಕ್ಕೆ ಕುಳಿತುಕೊಳ್ಳಬೇಕು. ಆ ದಿನವೇ ಅವರ ಹೊಸ ವರ್ಷ, ರೋಷ್ ಹಶಾನಾ. ಈ ಸಲ 22ರ ಸಂಜೆಗೆ ಶುರುವಾಗುತ್ತದೆ. ನಿನಗೂ ಜೇನಿನಲ್ಲಿ ಅದ್ದಿದ ಸೇಬಿನ ಹೋಳು ಕೊಡುತ್ತಾರೆ, ಬೇಡ ಎನ್ನಬೇಡ.

ಆ 'ಪಾಲು ಕಳುಹಿಸಿ' ಎಂಬುದು ಸುಮ್ಮನೆ ಅಂಟಿಸಿದ ಮಾತಲ್ಲ. ಹಬ್ಬದಲ್ಲಿ ಯಾರು ಯಾರು ಸಂತೋಷಪಡಬೇಕು ಎಂಬ ಪಟ್ಟಿಯೇ ಬೈಬಲಿನ ಧರ್ಮೋಪದೇಶಕಾಂಡದಲ್ಲಿದೆ: ನೀನು, ನಿನ್ನ ಮಗ, ಮಗಳು, ಆಳು, ಪರದೇಶಿ, ಅನಾಥ, ವಿಧವೆ. ಕೈರೋದಲ್ಲಿ ವೈದ್ಯನಾಗಿದ್ದ ಮೈಮೊನಿಡೀಸ್, ಅವರ ಬಾಯಲ್ಲಿ ರಾಂಬಾಮ್, 12ನೇ ಶತಮಾನದಲ್ಲಿ ಇನ್ನೂ ಖಡಕ್ಕಾಗಿ ಬರೆದ: ಬಾಗಿಲು ಹಾಕಿಕೊಂಡು ಹೆಂಡತಿ ಮಕ್ಕಳ ಜೊತೆ ಮಾತ್ರ ಉಂಡರೆ ಅದು ಧರ್ಮದ ಸಂತೋಷವಲ್ಲ, ಹೊಟ್ಟೆಯ ಸಂತೋಷ. ನಾನು ವಿಧವೆ, ಪರದೇಶಿ, ಸಂಬಳದಾಳು. ಆ ಪಟ್ಟಿಯಲ್ಲಿ ಮೂರು ಕಡೆ ಇದ್ದೆ! ನಿನ್ನನ್ನು ಮೇಜಿಗೆ ಕರೆಯುವುದು ಕನಿಕರದಿಂದ ಎಂದು ತಿಳಿದು ನೀನು ಮುದುಡಿಕೊಂಡಿದ್ದೀ. ಹಾಗಲ್ಲ ಮಗಳೇ, ನೀನು ಅಡುಗೆಮನೆಯಲ್ಲಿ ಉಳಿದರೆ ಅವರ ಹಬ್ಬದ ಲೆಕ್ಕ ಕಡಿಮೆ ಬೀಳುತ್ತದೆ. ಎಲ್ಲ ಮನೆಯೂ ಹೀಗೆ ಎಂದಲ್ಲ. ಸಾವ್ತಾಗಿಂತ ಮೊದಲಿನ ಮನೆಯಲ್ಲಿ ನನ್ನ ತಟ್ಟೆ ವಾಷಿಂಗ್ ಮೆಷಿನ್ ಮೇಲಿರುತ್ತಿತ್ತು. ಕರೆಯುವ ಮನೆ ಸಿಕ್ಕಿದೆ, ಹೋಗು.

ಸಿಗ್ನಲ್ಲಿನಲ್ಲಿ ವ್ಯಾನ್ ನಿಲ್ಲಿಸಿ, ಬಿಳಿ ಹೆಣಿಗೆ ಟೊಪ್ಪಿ ಹಾಕಿಕೊಂಡು ರಸ್ತೆಗಿಳಿದು ಕುಣಿಯುವವರನ್ನು ನೋಡಿ "ಹುಚ್ಚರು" ಎಂದೆಯಲ್ಲ. ಆ ಸ್ಪೀಕರಿನ ಸದ್ದು ನನಗೂ ತಲೆನೋವೇ. ಆದರೆ ಅವರ ಗುರು ಬ್ರೆಸ್ಲೋವಿನ ರಬ್ಬಿ ನಹ್ಮಾನ್ (1772–1810) ನಗೆಯ ಮನುಷ್ಯನೇನೂ ಆಗಿರಲಿಲ್ಲ. ಮಕ್ಕಳನ್ನು ಕಳೆದುಕೊಂಡು, ಮಂಕು ಕವಿದ ಮನಸ್ಸಿನೊಡನೆ ಗುದ್ದಾಡಿ, 38ನೇ ವಯಸ್ಸಿನಲ್ಲಿ ಕ್ಷಯಕ್ಕೆ ಬಲಿಯಾದವನು. ಸದಾ ಸಂತೋಷದಿಂದಿರುವುದು ದೊಡ್ಡ ಧರ್ಮ ಎಂದವನೂ ಅವನೇ. ಅವನೊಂದು ಚಿತ್ರ ಕೊಡುತ್ತಾನೆ: ಜನ ವೃತ್ತವಾಗಿ ಕುಣಿಯುವಾಗ ಹೊರಗೆ ಸಪ್ಪೆಮೋರೆ ಹಾಕಿ ನಿಂತವನನ್ನು ಕೈಹಿಡಿದು ಒಳಗೆ ಎಳೆದುಕೊಳ್ಳುತ್ತಾರೆ. ದುಃಖವನ್ನೂ ಹಾಗೆಯೇ ಓಡಿಸಬೇಡ, ಕುಣಿತದೊಳಗೆ ಎಳೆದುಕೋ ಎನ್ನುತ್ತಾನೆ.

ಸಿಮ್ಹತ್ ತೋರಾ, ಗ್ರಂಥದ ಸುರುಳಿಗಳನ್ನು ಅಪ್ಪಿಕೊಂಡು ಏಳು ಸುತ್ತು ಕುಣಿಯುವ ದಿನ. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ಹಮಾಸ್ ದಾಳಿ ನಡೆದದ್ದು ಆ ದಿನವೇ. ಮರುವರ್ಷ ಸಾವ್ತಾ ಅವರ ಮಗಳಿಗೆ ಫೋನ್ ಮಾಡಿ ಕೇಳಿದೆ. "ಕುಣಿದೆವು, ನಡುನಡುವೆ ನಿಂತು ಅತ್ತೆವು, ಮತ್ತೆ ಕುಣಿದೆವು" ಎಂದಳು. ಗಾಜಾದ ತಾಯಂದಿರ ಅಳುವೂ ನನ್ನ ಕಿವಿಗೆ ಬೀಳುತ್ತದೆ. ಆ ನ್ಯಾಯ ತೂಗುವ ಯೋಗ್ಯತೆ ನನಗಿಲ್ಲ.

ಒಂದು ವಿಷಯಕ್ಕೆ ಮಾತ್ರ ನಿನ್ನ ಮೇಲೆ ಕೋಪ ಬಂತು. ಮೊನ್ನೆ ಸೋಮವಾರ ಮಾತೆ ಮರಿಯಳ ಜನ್ಮದಿನದ, ಹೊಸ ತೆನೆಯ ನಮ್ಮ ಹಬ್ಬ ಮೊಂತಿ ಫೆಸ್ತ್ ಇತ್ತು, ನಿನಗೆ ನೆನಪೇ ಇರಲಿಲ್ಲ. ಅವರ ಹಬ್ಬಕ್ಕೆ ಹೋಗಿ ಕುಳಿತುಕೋ, ನಿನ್ನದನ್ನು ಬಿಡಬೇಡ. ಅಂದು ನಮ್ಮಲ್ಲಿ ಮೀನು ಮಾಂಸ ಇಲ್ಲದಿರುವುದರಿಂದ ಅವರ ಧರ್ಮದ ಆಹಾರ ನಿಯಮ ಪಾಲಿಸುವ ಕೋಷರ್ ಅಡುಗೆಮನೆಯಲ್ಲಿ ಕಷ್ಟವೂ ಕಡಿಮೆ. ಅಲ್ಲಿದ್ದಾಗ ಒಂದು ಸಲ ನಾನು ಏಳು ಬಗೆಯ ತರಕಾರಿ ಮಾಡಿದೆ, ನಿಯಮಕ್ಕೆಂದು ಒಲೆ ಮಾತ್ರ ಸಾವ್ತಾ ಹಚ್ಚಿಕೊಟ್ಟರು. ಊರಿನ ತೆನೆಯ ನಾಲ್ಕು ಕಾಳು ಪುಡಿಮಾಡಿ ಪಾಯಸಕ್ಕೆ ಹಾಕಿ ಇದು ಹೊಸತು ಎಂದೆ. ಮೊದಲ ಫಸಲನ್ನು ದೇವಾಲಯಕ್ಕೆ ಒಯ್ಯುತ್ತಿದ್ದ ತಮ್ಮ ಶಾವುಓತ್ ಹಬ್ಬದ ಕತೆಯನ್ನು ಅವರು ಊಟ ಮುಗಿಯುವವರೆಗೆ ಹೇಳಿದರು. ಆ ರಾತ್ರಿ ನಾನು ಮನೆ ನೆನೆದು ಅಳಲಿಲ್ಲ. ನಿನ್ನ ಹಬ್ಬ ತಪ್ಪಿದೆ, ಪರವಾಗಿಲ್ಲ, ಮುಂದಿನ ವಾರ ಮಾಡು.

ಹುಡುಗನ ಕೈಯಲ್ಲಿ ಉಪ್ಪಿನಕಾಯಿ ಇದೆ, ಅದು ನಿನ್ನ ಕೋಣೆಯಲ್ಲೇ ಇರಲಿ. ಸಣ್ಣ ಪೊಟ್ಟಣದಲ್ಲಿ ಲವಂಗ ಮತ್ತು ಏಲಕ್ಕಿ ಇಟ್ಟಿದ್ದೇನೆ. ಶಬ್ಬಾತ್ ದಿನ ಒಳಗೆ ಬಂದಿದ್ದ ಇನ್ನೊಂದು ಆತ್ಮ ಹೊರಟುಹೋಗುವಾಗ ಜೀವ ಸೊರಗಬಾರದೆಂದು ಶನಿವಾರ ರಾತ್ರಿ ಶಬ್ಬಾತನ್ನು ಬೀಳ್ಕೊಡುವ ಹವ್ದಾಲಾದಲ್ಲಿ ಮಸಾಲೆ ಡಬ್ಬಿಯನ್ನು ಮೂಸುತ್ತಾರಲ್ಲ, ಅದಕ್ಕೆ. ಅಜ್ಜನ ಮಗಳಿಗೆ ತೋರಿಸಿ ಹಾಕು. ಅಜ್ಜ ಮೂಸಿದ ಮೇಲೆ ಡಬ್ಬಿ ನಿನ್ನ ಕೈಗೂ ಬರುತ್ತದೆ. ಏಲಕ್ಕಿ ನಮ್ಮ ಹಿತ್ತಲಿನದು.

ನಿನ್ನ ದೊಡ್ಡಮ್ಮ