ಹುಳ ಇಲ್ಲದ ಗಾಳ

ಮ್ಯಾಡಿಸನ್, ವಿಸ್ಕಾನ್ಸಿನ್
15 ಜೂನ್ 2025, ಭಾನುವಾರ

ತೀರ್ಥರೂಪು ಅಪ್ಪಯ್ಯನಿಗೆ ಮಗಳ ನಮಸ್ಕಾರಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿಯಿತು ಅಂತ ಅಣ್ಣ ಹೇಳಿದ. ಅಡಿಕೆಗೆ ಮೊದಲ ಔಷಧಿ ಹೊಡೆದಾಯಿತಾ, ಇಲ್ಲಾ ಈ ವರ್ಷವೂ ಆಳು ಸಿಗದೆ ಕಾಯುತ್ತಾ ಕೂತಿದ್ದೀರಾ?

ಹೋದ ಭಾನುವಾರ ಫೋನಿನಲ್ಲಿ, ನಾನು ಹುಳ ಇಲ್ಲದೆ ಮೀನು ಹಿಡಿಯುತ್ತೇನೆ ಅಂದಾಗ ನೀವು ನಕ್ಕಿರಲ್ಲ, ಆ ನಗು ಇನ್ನೂ ಕಿವಿಯಲ್ಲಿದೆ. "ಹುಳ ಇಲ್ದೆ ಕಚ್ಚಕ್ಕೆ ಅದೇನು ಮೀನೋ ಮಂಗನೋ" ಅಂದಿರಿ. ನಾನು ಬಾಯಿ ಬಿಡುವಷ್ಟರಲ್ಲಿ ಅವ್ವ ಫೋನು ಕಸಿದುಕೊಂಡು ಊಟದ ಸುದ್ದಿ ಶುರು ಮಾಡಿದಳು. ಅದಕ್ಕೇ ಈ ಪತ್ರ. ಇದನ್ನಾದರೆ ನಡುವೆ ಯಾರೂ ಕಸಿಯುವ ಹಾಗಿಲ್ಲ.

ಹುಳದ ವಿಚಾರ ನನಗೆ ಗೊತ್ತಿಲ್ಲದ್ದಲ್ಲ. ಗೊಬ್ಬರದ ಗುಂಡಿಯ ಬದಿ ಕೆದಕಿ, ಎರೆಹುಳ ಹೆಕ್ಕಿ ಕರಟಕ್ಕೆ ತುಂಬಿ, ಮೇಲೊಂದು ಹಿಡಿ ಮಣ್ಣು ಉದುರಿಸಿ ಹಳ್ಳದವರೆಗೆ ಹೊತ್ತವಳು ನಾನೇ. ಗಾಳದ ಕೋಲು ಮಾತ್ರ ಅಣ್ಣನ ಕೈಗೆ. "ನಿಂಗೆ ಒಂದು ಗಳಿಗೆ ಸುಮ್ನೆ ಕೂರಕ್ಕೆ ಬರಲ್ಲ, ಮೀನೆಲ್ಲ ಓಡ್ತಾವೆ" ಅನ್ನುತ್ತಿದ್ದಿರಿ. ದೂರು ಹೇಳುತ್ತಿಲ್ಲ. ಹೇಳುತ್ತಿದ್ದೇನೆ ಅಂತಲೇ ಇಟ್ಟುಕೊಳ್ಳಿ, ಮೂವತ್ತು ವರ್ಷ ತಡೆದಿದ್ದೇನಲ್ಲ. ಈಗ ನನ್ನ ಕೈಗೆ ಬಂದಿರುವುದು ಸುಮ್ಮನೆ ಕೂರಲಾಗದವರಿಗೆಂದೇ ಹುಟ್ಟಿದ ಗಾಳ.

ಇಲ್ಲಿ ಇದಕ್ಕೆ ಫ್ಲೈ ಫಿಶಿಂಗ್ ಅನ್ನುತ್ತಾರೆ. ನಮ್ಮ ಗಾಳದಲ್ಲಿ ಸೀಸದ ಗುಂಡಿಗೂ ಹುಳಕ್ಕೂ ಭಾರವಿದೆ. ಅವು ಮುಂದೆ ಹಾರುತ್ತವೆ, ತಂಗೂಸಿ ಹಿಂದಿನಿಂದ ಹೋಗುತ್ತದೆ. ಇಲ್ಲಿ ಉಲ್ಟಾ. ಕೊಕ್ಕೆಗೆ ಕಟ್ಟಿರುವುದು ಸುಳ್ಳು ಹುಳ: ಒಂದು ಚೂರು ಸ್ಪಂಜು, ನಾಲ್ಕು ರಬ್ಬರಿನ ಕಾಲು, ಒಂದಿಷ್ಟು ಪುಕ್ಕ. ಊದಿದರೆ ಹಾರುತ್ತದೆ, ಎಸೆದರೆ ಕಾಲ ಬುಡಕ್ಕೇ ಬೀಳುತ್ತದೆ. ಹಾಗಾಗಿ ದಾರವನ್ನೇ ಭಾರ ಮಾಡಿದ್ದಾರೆ: ಪ್ಲಾಸ್ಟಿಕ್ ಹೊದಿಸಿದ, ನೀರಿನ ಮೇಲೆ ತೇಲುವ ದಪ್ಪ ದಾರ. ಅದರ ಮೊದಲ 30 ಅಡಿ ಸುಮಾರು 8 ಗ್ರಾಂ ತೂಗಿದರೆ 4ನೇ ನಂಬರಿನ ದಾರ. ಕೋಲೂ ಅದೇ ನಂಬರಿನದು ಇರಬೇಕು. ತುದಿಯಲ್ಲಿ ಮಾತ್ರ ಏಳೆಂಟು ಅಡಿ ತೆಳು ತಂಗೂಸಿ, ಮೀನಿನ ಕಣ್ಣಿಗೆ ಬೀಳದ ಹಾಗೆ. ನನ್ನದು ಎಂಟೂವರೆ ಅಡಿಯ ಕೋಲು, ನಿಮ್ಮ ವಾಟೆ ಕೋಲಿಗಿಂತ ಹಗುರ. ದಾರವನ್ನು ತಲೆಯ ಮೇಲಿನಿಂದ ಹಿಂದಕ್ಕೆ ಬೀಸಬೇಕು, ಅದು ಹಿಂದೆ ಪೂರ್ತಿ ನೆಟ್ಟಗಾಗುವವರೆಗೆ ಕೈ ತಡೆಯಬೇಕು, ಆಮೇಲೆ ಮುಂದಕ್ಕೆ. ಆ ತಡೆಯುವುದರಲ್ಲೇ ವಿದ್ಯೆಯೆಲ್ಲ ಇರುವುದು. ಅವಸರಪಟ್ಟರೆ ಚಾಟಿ ಬೀಸಿದ ಹಾಗೆ ಫಟ್ ಅನ್ನುತ್ತದೆ, ತುದಿಯ ಹುಳ ಕಿತ್ತುಕೊಂಡು ಎಲ್ಲೋ ಹೋಗುತ್ತದೆ. ಮೊದಲ ದಿನ ನಾನು ಹಿಡಿದದ್ದು ಒಂದು ಮರ, ಎರಡು ಸಲ ನನ್ನದೇ ಜಡೆ.

ಜಡೆಯಿಂದ ಕೊಕ್ಕೆ ಬಿಡಿಸಿದ್ದು ಪಕ್ಕದ ಮನೆಯ ಅಜ್ಜಿ. ಮೊದಲು ಮನೆಮನೆಗೆ ಟಪಾಲು ಹಂಚುತ್ತಿದ್ದವಳು, ಈಗ 74 ವರ್ಷ, ನಮ್ಮ ದೊಡ್ಡಮ್ಮನ ಥರವೇ ಬೈಗುಳ. ನನಗೆ ಇದನ್ನು ಕಲಿಸಿದವಳೂ ಅವಳೇ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿಕೊಟ್ಟಳು. ಮೀನಿನ ಬಾಯಿಂದಲೂ ಸಲೀಸಾಗಿ ಬರುತ್ತದೆ, ನಿನ್ನ ಕೂದಲಿಂದಲೂ ಬರುತ್ತದೆ ಅಂದಳು.

ಮೀನಿನ ಹೆಸರು ಬ್ಲೂಗಿಲ್. ಶಿವಮೊಗ್ಗದ ಮಾರ್ಕೆಟ್ಟಿನ ಜಿಲೇಬಿ ಮೀನನ್ನು ನೆನೆಸಿಕೊಳ್ಳಿ, ಹೆಚ್ಚುಕಡಿಮೆ ಅದೇ ಆಕಾರ: ಚಪ್ಪಟೆ, ಅಗಲ, ಬೆನ್ನ ಮೇಲೆ ಮುಳ್ಳಿನ ಸಾಲು. ಕೆನ್ನೆಯ ಅಡಿ ನೀಲಿ, ಕಿವಿರಿನ ಹಿಂದೆ ಕಾಡಿಗೆ ಇಟ್ಟ ಹಾಗೆ ಒಂದು ಕಪ್ಪು ಕಿವಿ. ಈ ತಿಂಗಳು ಗಂಡಿನ ಎದೆ ಮಾಗಿದ ಅಡಿಕೆಯ ಬಣ್ಣಕ್ಕೆ ತಿರುಗಿರುತ್ತದೆ. ಬಾಣಲೆಗೆ ಇಡಿಯಾಗಿ ಹಿಡಿಸುವ ಗಾತ್ರದ ಇಂಥ ಮೀನುಗಳಿಗೆಲ್ಲ ಇಲ್ಲಿ ಪ್ಯಾನ್‌ಫಿಶ್ ಅಂತ ಒಂದೇ ಹೆಸರು. ಕ್ರಾಪಿ, ಪರ್ಚ್, ಕುಂಬಳಬೀಜ ಅನ್ನುವ ಹೆಸರಿನದು, ಎಲ್ಲವೂ ಅದರಲ್ಲೇ ಸೇರಿದವು. ಟ್ರೌಟ್ ಹಿಡಿಯುವ ದೊಡ್ಡ ಮಂದಿ ಇವನ್ನು ಮಕ್ಕಳ ಮೀನು ಅನ್ನುತ್ತಾರೆ. ಅನ್ನಲಿ.

ನಾವು ಹೋಗುವುದು ವಿಂಗ್ರಾ ಕೆರೆಗೆ. ಮನೆಯಿಂದ ಸೈಕಲ್ಲಿನಲ್ಲಿ ಹತ್ತು ನಿಮಿಷ. ಈಗ ರಾತ್ರಿ ಎಂಟೂವರೆಯವರೆಗೂ ಬೆಳಕು, ಅಡುಗೆ ಮುಗಿಸಿಯೇ ಹೋಗಬಹುದು. ಆ ಕೆರೆಯಲ್ಲಿ ಒಂದು ಕಾಲಕ್ಕೆ ಸಾಮಾನ್ಯ ಗೆಂಡೆ ತುಂಬಿಕೊಂಡಿತ್ತಂತೆ. ನಮ್ಮೂರ ಕೆರೆಗೆ ಇಲಾಖೆಯವರು ಮರಿ ತಂದು ಬಿಡುತ್ತಾರಲ್ಲ, ಅದೇ ಗೆಂಡೆ. ಅದು ತಳ ಕೆದಕಿ ಕೆದಕಿ ನೀರನ್ನೆಲ್ಲ ರಾಡಿ ಮಾಡಿತ್ತು. 2008ರಲ್ಲಿ ಬಲೆ ಹಾಕಿ ರಾಶಿಗಟ್ಟಲೆ ಎತ್ತಿದ ಮೇಲೆ ನೀರು ತಿಳಿಯಾಯಿತು, ಜೊಂಡು ಬೆಳೆಯಿತು. ನಾವು ಸಾಕುವ ಮೀನನ್ನು ಇವರು ಕಳೆ ಕಿತ್ತ ಹಾಗೆ ಕಿತ್ತಿದ್ದಾರೆ!

ದಡದ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ತಳವೆಲ್ಲ ಊಟದ ತಟ್ಟೆ ಜೋಡಿಸಿಟ್ಟ ಹಾಗೆ ಗುಂಡು ಗುಂಡು ಹಳ್ಳಗಳಿವೆ. ಅವು ಬ್ಲೂಗಿಲ್ ಗೂಡು. ನೀರು 20 ಡಿಗ್ರಿ ದಾಟಿ ಬೆಚ್ಚಗಾದ ಮೇಲೆ ಗಂಡು ಬಾಲದಲ್ಲಿ ಕೆಸರು ಗುಡಿಸಿ ಮಾಡಿಕೊಳ್ಳುತ್ತದೆ. ಹೆಣ್ಣು ಬಂದು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಆಮೇಲೆ ಬಾಣಂತನವೆಲ್ಲ ಗಂಡಿನದು: ರೆಕ್ಕೆಯಲ್ಲಿ ಗಾಳಿ ಬೀಸಿದ ಹಾಗೆ ಮೊಟ್ಟೆಗೆ ನೀರಾಡಿಸುತ್ತದೆ, ಹತ್ತಿರ ಬಂದವರನ್ನೆಲ್ಲ ಅಟ್ಟುತ್ತದೆ, ಊಟವೂ ಅಷ್ಟಕ್ಕಷ್ಟೇ. ಗೂಡಿನ ಅಂಚಿಗೆ ನನ್ನ ಸ್ಪಂಜಿನ ಹುಳ ಬೀಳುತ್ತದೆ. ಅಲೆಯ ಉಂಗುರ ಕರಗುವವರೆಗೆ ನಾನು ಅಲ್ಲಾಡುವುದಿಲ್ಲ (ನೋಡಿ, ಕೂರಲು ಬರುತ್ತದೆ ನನಗೆ). ಆಮೇಲೆ ದಾರವನ್ನು ಒಂದೇ ಒಂದು ಎಳೆ, ರಬ್ಬರಿನ ಕಾಲು ಮಿಸುಕುವಷ್ಟು. ಮೀನು ಕೆಳಗೆ ಬಂದು ನಿಂತು ನೋಡುತ್ತದೆ. ನಿಂತೇ ಇರುತ್ತದೆ. ನನಗೆ ಎದೆ ಡವಡವ. ಆಮೇಲೆ ಮಗುವಿಗೆ ಮುತ್ತು ಕೊಟ್ಟ ಹಾಗೆ "ಪುಚ್" ಅಂತ ಒಂದು ಸದ್ದು, ಹುಳ ಮಾಯ. ಅಂಗೈಯಷ್ಟು ಮೀನು, ಆದರೆ ಅಗಲವಾದ ಮೈಯನ್ನು ನೀರಿಗೆ ಅಡ್ಡ ಕೊಟ್ಟು ಸುತ್ತು ಹೊಡೆಯುತ್ತದೆ, ಕೋಲು ಬಿಲ್ಲಾಗುತ್ತದೆ. ಕೈಯಲ್ಲಿ ಹಿಡಿಯುವಾಗ ತಲೆಯ ಕಡೆಯಿಂದ ಮುಳ್ಳು ಮಲಗಿಸಿಕೊಂಡು ಬರಬೇಕು, ಇಲ್ಲದಿದ್ದರೆ ಚುಚ್ಚಿಸಿಕೊಂಡ ಹಾಗೇ.

ಹಿಡಿದು ಮತ್ತೆ ಬಿಡುತ್ತಾಳಂತೆ ಅಂತ ಅಣ್ಣ ಊರಿಗೆಲ್ಲ ಸಾರಿಕೊಂಡು ಬಂದನಂತಲ್ಲ. ಎಲ್ಲವನ್ನೂ ಬಿಡುವುದಿಲ್ಲ ಅಂತ ಅವನಿಗೆ ಹೇಳಿ. ಗೂಡು ಕಾಯುವ ದೊಡ್ಡ ಗಂಡನ್ನು ಬಿಡುತ್ತೇನೆ, ಅದಕ್ಕೊಂದು ಕಾರಣ ಇದೆ. ಈ ಮೀನಿನಲ್ಲಿ ಕಳ್ಳ ಗಂಡುಗಳೂ ಇವೆ. ಅವು ಗೂಡು ಕಟ್ಟುವುದಿಲ್ಲ, ಕಾಯುವುದಿಲ್ಲ. ಜೊಂಡಿನ ಮರೆಯಲ್ಲಿದ್ದು, ಹೆಣ್ಣು ಮೊಟ್ಟೆ ಇಡುವ ಹೊತ್ತಿಗೆ ನುಗ್ಗಿ ತಮ್ಮ ಕೆಲಸ ಮುಗಿಸಿ ಓಡುತ್ತವೆ. ಇನ್ನೂ ಸ್ವಲ್ಪ ಬೆಳೆದವು ಹೆಣ್ಣಿನ ಬಣ್ಣ ತಾಳಿಕೊಂಡೇ ಗೂಡಿನೊಳಗೆ ಬರುತ್ತವೆ, ಯಕ್ಷಗಾನದ ಸ್ತ್ರೀವೇಷದ ಹಾಗೆ. ಕೆನಡಾದ ಒಪಿನಿಕನ್ ಕೆರೆಯಲ್ಲಿ ವಿಜ್ಞಾನಿಗಳು ಲೆಕ್ಕ ಇಟ್ಟಿದ್ದಾರೆ: ಗೂಡು ಕಾಯುವ ಗಂಡು ಅಪ್ಪನಾಗುವುದು ಸುಮಾರು 7 ವರ್ಷಕ್ಕೆ, ಕಳ್ಳನದು 2 ವರ್ಷಕ್ಕೇ ಆಗಿಹೋಗುತ್ತದೆ. ನಾವು ದೊಡ್ಡದನ್ನೇ ಆರಿಸಿ ಎತ್ತಿದರೆ ಮೊಟ್ಟೆ ಅನಾಥ. ಅಷ್ಟೇ ಅಲ್ಲ, ಮೇಲೆ ದೊಡ್ಡವರು ಇಲ್ಲವೆಂದು ತಿಳಿದ ಎಳೆಯ ಗಂಡುಗಳು ಬೆಳೆಯುವುದು ಬಿಟ್ಟು ಬೇಗ ಸಂಸಾರಕ್ಕೆ ಇಳಿಯುತ್ತವೆ. ನಾಲ್ಕಾರು ವರ್ಷದಲ್ಲಿ ಕೆರೆಯ ತುಂಬ ಮೀನು, ಒಂದೂ ಅಂಗೈ ದಾಟುವುದಿಲ್ಲ. ಇಲ್ಲಿನ ಸಾಮಾನ್ಯ ನಿಯಮ ದಿನಕ್ಕೆ ಒಬ್ಬರಿಗೆ ಎಲ್ಲ ಜಾತಿ ಸೇರಿ 25. ಕೆಲವು ಕೆರೆಗಳಲ್ಲಿ ಮೊಟ್ಟೆ ಇಡುವ ಮೇ, ಜೂನ್ ತಿಂಗಳಲ್ಲಿ 15ಕ್ಕೆ ಇಳಿಸಿ, ಒಂದೇ ಜಾತಿಯದು 5 ದಾಟಬಾರದು ಅಂತ ಇಟ್ಟಿದ್ದಾರೆ.

ಇದೇ ಮೀನನ್ನು 1960ರಲ್ಲಿ ಶಿಕಾಗೋದ ಮೇಯರ್ ಜಪಾನಿನ ಯುವರಾಜ ಅಕಿಹಿಟೊಗೆ ಉಡುಗೊರೆ ಕೊಟ್ಟರು. ಊರಿಗೆ ಒಯ್ದ ಮೀನು ಬೀವಾ ಸರೋವರಕ್ಕೂ ಹಬ್ಬಿ ಅಲ್ಲಿನ ಮೀನಿನ ಬಾಯಿಗೆ ಮಣ್ಣು ಹಾಕಿತು. 2007ರಲ್ಲಿ, ಆಗ ಚಕ್ರವರ್ತಿಯಾಗಿದ್ದ ಅವರು, ತಾನು ತಂದ ಮೀನಿನಿಂದ ಹೀಗಾಯಿತಲ್ಲ ಎಂದು ಎಲ್ಲರೆದುರು ನೊಂದುಕೊಂಡರು. ನಮ್ಮಲ್ಲಿ ಜಿಲೇಬಿ ಮೀನು ಬಂದದ್ದು 1952ರಲ್ಲಿ. ಅದಕ್ಕೆ ಯಾರು ನೊಂದುಕೊಂಡರೋ.

ನಿನ್ನೆ ಎಂಟು ಮೀನು ಮನೆಗೆ ತಂದೆ, ಎಲ್ಲ ಮಧ್ಯಮ ಗಾತ್ರದವು. ಈ ಕಡೆ ಶುಕ್ರವಾರ ಬಂತೆಂದರೆ ಹೋಟೆಲ್ಲುಗಳಲ್ಲಿ ಹಿಟ್ಟಿನಲ್ಲಿ ಅದ್ದಿ ಕರಿದ ಮೀನಿನ ಊಟ. ನನಗೆ ಅದು ಸಪ್ಪೆ. ಪೊರೆ ತೆಗೆದು, ಗೀರು ಹಾಕಿ, ಅವ್ವನ ಮೆಣಸಿನ ಪುಡಿ, ಹುಣಸೆ, ಅರಿಶಿನ ಹಚ್ಚಿ, ಅಕ್ಕಿ ಹಿಟ್ಟು ಹೊರಳಿಸಿ ಕಾವಲಿಗೆ ಹಾಕಿದೆ. ಮೂರು ಮೀನಿನ ಸಾರೂ ಆಯಿತು, ಜೊತೆಗೆ ಕಡುಬು. ಮುಳ್ಳು ದೊಡ್ಡದು, ಬಿಡಿಸಿಕೊಳ್ಳಲು ಸುಲಭ; ರುಚಿ ನಮ್ಮ ಹಳ್ಳದ ಮೀನಿಗೆ ಸಮ ಅಂದರೆ ಸುಳ್ಳಾಗುತ್ತದೆ. ಅಜ್ಜಿಗೆ ಎರಡು ಕೊಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಸುರಿಸಿಕೊಂಡು ಎರಡನ್ನೂ ಮುಗಿಸಿದಳು.

ಒಂದು ಮಾತು, ಬೈಯಬೇಡಿ. ಈಗ ಅಲ್ಲಿ ಹತ್ತುಮೀನಿನ ಕಾಲ. ಹೊಸ ನೀರಿಗೆ ಹಳ್ಳದಿಂದ ಗದ್ದೆಗೆ ಏರಿ ಬರುವ ಮೀನಿನ ಹೊಟ್ಟೆಯಲ್ಲೆಲ್ಲ ಮೊಟ್ಟೆ. ಅವು ಬಂದು ಬೀಳಲಿ ಅಂತ ಅಣ್ಣ ಕೂಣಿ ಇಟ್ಟಿರುತ್ತಾನೆ, ಗೊತ್ತು. ಮೊಟ್ಟೆಯ ಸಾರಿನ ರುಚಿಯೂ ಗೊತ್ತು, ಅದನ್ನು ತಿಂದೇ ಬೆಳೆದವಳು. ಮೊದಲಿನಷ್ಟು ಮೀನು ಏರುವುದಿಲ್ಲ ಅಂತ ನೀವೇ ಹೋದ ವರ್ಷ ಹೇಳಿದಿರಿ. ಮೇಲಿನ ಗದ್ದೆಯ ತೂಬಿನ ಹತ್ತಿರ ಒಂದು ಕೂಣಿಯನ್ನಾದರೂ ಈ ಸಲ ಇಡಬೇಡಿ ಅನ್ನಿ. ನಾನು ಹೇಳಿದರೆ ಅವನು ಅಮೆರಿಕಾದ ಪಾಠ ಅನ್ನುತ್ತಾನೆ, ನೀವು ಹೇಳಿದರೆ ಕೇಳುತ್ತಾನೆ.

ದಸರೆಗೆ ಬರುತ್ತೇವೆ, ಟಿಕೆಟ್ ಆಗಿದೆ. ಒಂದು ವಾಟೆ ಕೋಲು ಕಡಿದು ಅಟ್ಟದ ಮೇಲೆ ಒಣಗಲು ಇಟ್ಟಿರಿ, ಅಣ್ಣನಿಗೆ ಅಲ್ಲ, ನನಗೆ. ಹುಳವನ್ನು ನಿಮ್ಮ ಮೊಮ್ಮಗ ಪುಟ್ಟ ಹೆಕ್ಕುತ್ತಾನಂತೆ. ಕವರಿನೊಳಗೆ ಅವನೇ ಕಟ್ಟಿದ ಎರಡು ಸ್ಪಂಜಿನ ಹುಳ ಇಟ್ಟಿದ್ದೇನೆ, ಒಂದು ಹಳದಿ, ಒಂದು ಕಪ್ಪು. ಅವ್ವ ಬಿಚ್ಚುವಾಗ ಕೈಗೆ ಚುಚ್ಚಿಕೊಂಡಾಳು ಅಂತ ಕೊಕ್ಕೆಯ ತುದಿ ಮುರಿದಿದ್ದೇನೆ. ಕೆರೆಗೆ ಎಸೆದು ನೋಡಿ, ಕೆಳಗೆ ಯಾವುದಾದರೂ ಬಂದು ನಿಲ್ಲುತ್ತದಾ ಅಂತ.

ಇಂತಿ,
ನಿಮ್ಮ ಮಗಳು